ಕನ್ನಡಕದ ದಾರ

ಚೌಕಿಪೇಟೆಯ ಮೂಲೆಯಲ್ಲಿ ನನ್ನದೊಂದು ಮೇಜು.
ಸಾಸಿವೆ ಕಾಳಿನಷ್ಟು ತಿರುಪುಗಳ ಡಬ್ಬಿ,
ಒಂಟಿ ಕಡ್ಡಿಗಳು, ಜೋಡಿ ಕಳಕೊಂಡ ಗಾಜುಗಳು,
ಮೊಳೆಗೆ ನೇತುಬಿದ್ದ ಮಣಿಸರಗಳು. ನಲವತ್ತು ರೂಪಾಯಿ,
ಚೌಕಾಸಿ ಮಾಡಿದರೆ ಮೂವತ್ತೈದು.

ಮೊನ್ನೆ ಬಂದ ಹುಡುಗಿ ಕೇಳಿದಳು:
"ಸಾಬರೇ, ಕನ್ನಡಕಕ್ಕೆ ದಾರ ಕಟ್ಟೋದನ್ನ
ಯಾರು ಶುರು ಮಾಡಿದ್ದು?"
ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಬೆಲೆ ಕೇಳುತ್ತಾರೆ, ಬಣ್ಣ ಕೇಳುತ್ತಾರೆ.

ಮಾಲು ತರುವ ಏಜೆಂಟ ಒಮ್ಮೆ ಹೇಳಿದ್ದ,
ಮಂಡಕ್ಕಿ ಮುಕ್ಕುತ್ತ, ನಡುನಡುವೆ ಮೆಣಸಿನಕಾಯಿ ಕಡಿಯುತ್ತ:
ಮೊದಮೊದಲು ಕನ್ನಡಕಕ್ಕೆ ಕಡ್ಡಿಯೇ ಇರಲಿಲ್ಲವಂತೆ.
ಎರಡು ಗಾಜು, ನಡುವೆ ಒಂದು ಕೀಲು,
ಮೂಗಿನ ಮೇಲೆ ಚಿಮಟದ ಹಾಗೆ.
ಸೀನಿದರೆ ನೆಲಕ್ಕೆ.
ಪರದೇಶದ ಪಂಡಿತರು ನಾನೂರು ವರ್ಷ
ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಮೂಗು
ಹಿಡಕೊಂಡೇ ಓದಿದರಂತೆ;
ತಲೆಯ ಎರಡೂ ಬದಿಗೆ ಕಿವಿ ಇದಾವೆ ಅಂತ
ಒಬ್ಬನಿಗೂ ಹೊಳೆಯಲಿಲ್ಲ ನೋಡಿ!
ಚೀನಾದವರು ರೇಷ್ಮೆ ದಾರ ಕಿವಿಗೆ ಸುತ್ತಿ
ತುದಿಗೆ ತೂಕದ ಗುಂಡು ಇಳಿಬಿಟ್ಟರಂತೆ.
ಸಾಹೇಬರು ಕರೀ ಪಟ್ಟಿ ಪೋಣಿಸಿ ಕೋಟಿನ ಗುಂಡಿಗೆ ಕಟ್ಟಿದರಂತೆ.
ಅಂದರೆ ದಾರವೇ ಹಿರಿಯಣ್ಣ,
ಕಡ್ಡಿ ನಿನ್ನೆ ಮೊನ್ನೆಯದು.
ಇರಬಹುದು. ಏಜೆಂಟನ ಮಾತು,
ಹತ್ತರಲ್ಲಿ ನಾಲ್ಕು ಕಳೆದು ತಗೋಬೇಕು.

ನನಗೆ ಗೊತ್ತಿರುವುದು ಈ ಊರಿನ ಕತೆ.

ಆಗ ದಾವಣಗೆರೆಯಲ್ಲಿ ಮಿಲ್ಲು ಮೂರು ಪಾಳಿಗೂ ಕೂಗುತ್ತಿತ್ತು.
ಅವ್ವ, ಮಾಬುಬಿ, ರೀಲಿಂಗ್ ಖಾತೆಯಲ್ಲಿ.
ರೆಪ್ಪೆಯ ಮೇಲೂ ಅರಳೆ ಹೊತ್ತು ಬರುತ್ತಿದ್ದಳು,
ಮುದುಕಿ ಬಂದಳು ಅಂತ ನಾವು ನಗುತ್ತಿದ್ದೆವು.
ನೂಲು ಎಣಿಸುವ ಗುಮಾಸ್ತ ಮುರಿಗೆಪ್ಪ
ಬಗ್ಗಿ ಲೆಕ್ಕ ಬರೆಯುವಾಗ ಅವನ ಕನ್ನಡಕ
ಜಾರಿ, ತಿರುಗುವ ಯಂತ್ರಕ್ಕೆ ಸಿಕ್ಕಿ
ಪುಡಿಪುಡಿ.
ಎರಡನೆಯ ಸಲ ಜಾಬರ್ ಬಾಯಿಗೆ ಬಂದಂತೆ ಬೈದ:
ಗಾಜಿನ ಚೂರು ನೂಲಿಗೆ ಸೇರಿದರೆ
ಯಾವನ ಅಂಗಿ ಯಾವನ ಬೆನ್ನು ಕೊಯ್ಯುತ್ತೋ!

ಅವ್ವ ವೇಸ್ಟು ನೂಲನ್ನು ತೊಡೆಯ ಮೇಲೆ ಹೊಸೆದಳು,
ಎಡಕ್ಕೊಂದು ಹುರಿ, ಬಲಕ್ಕೊಂದು ಹುರಿ,
ಕಡ್ಡಿಗೊಂದರಂತೆ ಕುಣಿಕೆ.
ಮುರಿಗೆಪ್ಪ ಕೊರಳಿಗೆ ಹಾಕಿಕೊಂಡ.
ಅಲ್ಲಿ ಆಗಲೇ ಶಿವದಾರ ಇತ್ತು.
ಎರಡೂ ತೊಡರಿದವು. ಬಿಡಿಸಲು ಹೋಗಿ, ಸೋತು,
"ಇರಲಿ ಬಿಡು ಮಾಬುಬಿ, ಒಂದು ಒಳಗೆ ನೋಡಾಕೆ,
ಒಂದು ಹೊರಗೆ" ಅಂದನಂತೆ.
ಈ ಮಾತನ್ನು ಅವ್ವ ವರ್ಷಕ್ಕೊಂದು ಥರ ಹೇಳುತ್ತಿದ್ದಳು.
ಒಂದು ವರ್ಷ ಅವನು ಏನೂ ಅಂದೇ ಇರಲಿಲ್ಲ.

ತಿಂಗಳೊಳಗೆ ಖಾತೆಯ ಎಲ್ಲ ಕನ್ನಡಕಕ್ಕೂ ದಾರ.
ಗೇಟಿನ ಪಹರೆಯವನು ಕೊರಳು ತಡವಿ,
ಮಿಲ್ಲಿನ ಮಾಲು ಅಂತ ಅವ್ವನನ್ನು ನಿಲ್ಲಿಸಿದ.
ಮುರಿಗೆಪ್ಪನೇ ಪುಸ್ತಕ ತೆರೆದು ಬರೆದ:
'ವೇಸ್ಟು ನೂಲು. ಕನ್ನಡಕಕ್ಕೆ. ದಾರಕ್ಕೆ ಐದು ಎಳೆಯಂತೆ.'
ಸಹಿ. ಮೊಹರು.

ಈಗ ಆ ಕೂಗಿಲ್ಲ.
ಊರು ಮೊಬೈಲಿನ ಅಲಾರಂಗೆ ಏಳುತ್ತದೆ.

ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ.
ಅವಳು ಬ್ಯಾಗಿನಿಂದ ತೆಗೆದದ್ದು ದುಂಡು ಗಾಜಿನ ಹಳೇ ಕನ್ನಡಕ.
"ಮುತ್ತಜ್ಜನದು. ಈಗ ಇದೇ ಫ್ಯಾಷನ್ನು.
ಗಾಜು ಬದಲಿಸಿ. ಈ ಕೊಳಕು ದಾರ ಕಿತ್ತು
ಆ ನೀಲಿ ಮಣಿಸರ ಹಾಕಿ."
ಯಾರ ಮನೆಯವಳೆಂದು ಕೇಳಬಹುದಿತ್ತು.
ಹಾಕಿಕೊಟ್ಟೆ. ಚೌಕಾಸಿಗೆ ಮುಂಚೆಯೇ ಮೂವತ್ತೈದು ಅಂದೆ.

ದಾರ ಮೇಜಿನ ಮೇಲೆ ಉಳಿಯಿತು,
ಬೆವರು ಕುಡಿದು ಬೆಲ್ಲದ ಬಣ್ಣ.
ಸಂಜೆ, ಅಂಗಡಿ ಸಾಲಿಗೆ ದೀಪ ಬಂದ ಮೇಲೆ
ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಹುರಿ ಬಿಚ್ಚಿದೆ.
ಎಡಕ್ಕೊಂದು, ಬಲಕ್ಕೊಂದು. ಅವಳದೇ ಕೈ.
ಎಳೆ ಎಣಿಸಿದೆ.
ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ.

ಆರು.